ಹಗೇವಿನ ಲೆಕ್ಕ

ಗಣಿತ ಓದಿ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೆಚ್ಚಾಗಿ ಹೀಗೆ ಕೇಳುವವರು ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರು. ನಾನು ಉತ್ತರ ಕೊಡುವುದಿಲ್ಲ, ಪಾಯಸದ ಕಡೆ ಗಮನ ಕೊಡುತ್ತೇನೆ. ನಿಜ ಹೇಳಬೇಕೆಂದರೆ ಕಾಲೇಜಿನಲ್ಲಿ ಕಲಿತ ಆ ದೊಡ್ಡ ಗಣಿತ ನನ್ನ ಬದುಕಿನಲ್ಲಿ ಕೆಲಸಕ್ಕೆ ಬಂದದ್ದು ಒಂದೇ ಒಂದು ಸಲ. ಬರದೇ ಇದ್ದಿದ್ದರೆ ಚೆನ್ನಾಗಿತ್ತು.

ಐವತ್ತರ ದಶಕದ ಮಾತು. ನಮ್ಮೂರು ಮಲ್ಲತ್ತಹಳ್ಳಿಗೂ ಕೆಂಗೇರಿಗೂ ನಡುವೆ. ಈಗ ಅಲ್ಲೊಂದು ಊರಿತ್ತು ಎಂದರೆ ಆಟೋದವರು ನನ್ನ ಮುಖ ನೋಡುತ್ತಾರೆ. ಆಗ ಸುತ್ತ ರಾಗಿ ಹೊಲ, ಬದುವಿನ ಮೇಲೆ ಹೊಂಗೆ ಮರ, ಮಳೆ ಬಂದರೆ ಮೊಣಕಾಲುದ್ದ ಕೆಸರು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಗಣಿತದಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗೆ. ಬೆಳಗ್ಗೆ ಕೆಸರು ತುಳಿದುಕೊಂಡು ಕೆಂಗೇರಿ ಸ್ಟೇಷನ್ನಿಗೆ ನಡೆಯುವುದು, ಪ್ಯಾಸೆಂಜರ್ ಗಾಡಿಯಲ್ಲಿ ಹಾಲಿನವರ, ಸೊಪ್ಪಿನವರ ನಡುವೆ ನಿಂತುಕೊಂಡು ಬೆಂಗಳೂರು ಸೇರುವುದು. ಫೇಲಾದವನಿಗೆ ಕ್ಲಾಸಿಲ್ಲ. ಆದರೂ ನಮ್ಮ ಗಣಿತದ ಮೇಷ್ಟ್ರು, "ಹಿಂದಿನ ಬೆಂಚಲ್ಲಿ ಕೂತ್ಕೊಂಡು ಕೇಳಪ್ಪ, ಯಾರೂ ಏನೂ ಅನ್ನಲ್ಲ," ಅಂದಿದ್ದರು. ಸೆಪ್ಟೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇತ್ತು. ನನಗಿಂತ ಚಿಕ್ಕ ಹುಡುಗರ ಬೆನ್ನು ನೋಡುತ್ತಾ ಕೂತು, ಸಂಜೆ ಅದೇ ಗಾಡಿ, ಅದೇ ಕೆಸರು. ಮನೆ ಸೇರುವ ಹೊತ್ತಿಗೆ ಕಾಲು ಒಂದು ಕಡೆ, ತಲೆ ಒಂದು ಕಡೆ ಆಗಿರುತ್ತಿತ್ತು.

ನನ್ನನ್ನು ಕೆಡವಿದ ಪಾಠ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ವಕ್ರರೇಖೆಯನ್ನು ಒಂದು ಅಕ್ಷದ ಸುತ್ತ ಪೂರ್ತಿ ತಿರುಗಿಸಿದರೆ ಒಂದು ಘನವಸ್ತು ಹುಟ್ಟುತ್ತದೆ. ಗೆರೆ ಹೇಗೆ ಬಾಗಿದೆಯೋ ಹಾಗೆ ಅದು ತಂಬಿಗೆಯೂ ಆಗಬಹುದು, ಬುಗುರಿಯೂ ಆಗಬಹುದು. ಅದರೊಳಗೆ ಎಷ್ಟು ಹಿಡಿಯುತ್ತದೆ ಎಂದು ಕಂಡುಹಿಡಿಯಬೇಕು. ಅದಕ್ಕೆ ವಸ್ತುವನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದುಕೊಂಡೆವು ಅಂದುಕೊಳ್ಳಬೇಕು. ಪ್ರತಿ ಬಿಲ್ಲೆಯೂ ದುಂಡಗಿರುತ್ತದೆ. ಅದರ ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, ಪೈಯಿಂದ ಗುಣಿಸಿ, ದಪ್ಪದಿಂದ ಗುಣಿಸಿ, ತಳದಿಂದ ತುದಿಯವರೆಗೆ ಎಲ್ಲವನ್ನೂ ಕೂಡಬೇಕು. ಬಿಲ್ಲೆ ಎಷ್ಟು ತೆಳುವಾದರೆ ಲೆಕ್ಕ ಅಷ್ಟು ನಿಜಕ್ಕೆ ಹತ್ತಿರ. ಇಷ್ಟೇ. ಹೇಳುವಾಗ ಹೀಗೆ ಸಲೀಸು, ಪರೀಕ್ಷೆಯಲ್ಲಿ ನಾನು ಯಾವ ಅಕ್ಷದ ಸುತ್ತ ತಿರುಗಿಸಬೇಕೆಂಬುದನ್ನೇ ಮರೆತು ಕೂತಿದ್ದೆ.

ಅದೇ ಮುಂಗಾರಿನಲ್ಲಿ ನಮ್ಮ ಮನೆ ಪಾಲಾಯಿತು. ಅಪ್ಪ, ಚಿಕ್ಕಪ್ಪ ಇಬ್ಬರೇ ಗಂಡುಮಕ್ಕಳು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ಅಷ್ಟೇನೂ ಜಗಳ ಇರಲಿಲ್ಲ. ಚಿಕ್ಕಪ್ಪನಿಗೆ ರಾಜಾಜಿನಗರದ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಅಲ್ಲೇ ಬಾಡಿಗೆಗೆ ಒಂದು ಶೀಟಿನ ಮನೆ ಹಿಡಿದಿದ್ದ. ನನ್ನ ಭಾಗದ್ದು ನನಗೆ ಕೊಟ್ಟುಬಿಡಿ ಅಂದ. ಅಪ್ಪ, "ತಗೊಂಡೋಗು, ಯಾರು ಬ್ಯಾಡ ಅಂದೋರು," ಅಂದ. ಊರ ಪಟೇಲರು ಜಗುಲಿಯ ಮೇಲೆ ಕೂತು ಹೊಲ ಹಂಚಿದರು, ದನ ಹಂಚಿದರು, ಕೊನೆಗೆ ಹಿತ್ತಾಳೆ ಪಾತ್ರೆಯನ್ನೂ ಹಂಚಿದರು. ಉಳಿದದ್ದು ಹಗೇವು.

ಹಗೇವು ಎಂದರೆ ನೆಲದೊಳಗಿನ ಕಣಜ. ಮನೆ ಮುಂದಿನ ಗಟ್ಟಿ ನೆಲದಲ್ಲಿ ಒಬ್ಬ ಸಣ್ಣ ಆಳು ಇಳಿಯುವಷ್ಟು ಬಾಯಿ ತೋಡಿ, ಕೆಳಗೆ ಹೋದ ಹಾಗೆ ಅಗಲ ಮಾಡಿ, ತಳದಲ್ಲಿ ಮತ್ತೆ ದುಂಡಗೆ ಕೂಡಿಸುತ್ತಾರೆ. ಒಳಗೋಡೆ ಮೆತ್ತಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಬಿಗಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಅದಕ್ಕೊಂದು ಕಟ್ಟುಪಾಡು ಇತ್ತು. ತೆಗೆದರೆ ಪೂರಾ ತೆಗೆಯಬೇಕು. ಒಂದು ಸಲ ಗಾಳಿ ಆಡಿತೆಂದರೆ ಒಳಗೆ ಉಳಿದದ್ದು ಮುಗ್ಗಿ ಹೋಗುತ್ತದೆ. ಮಳೆಗಾಲದಲ್ಲಂತೂ ಚಪ್ಪಡಿಯ ಮೇಲೆ ಕೈ ಇಡುವ ಮಾತೇ ಇಲ್ಲ.

ಚಿಕ್ಕಪ್ಪನಿಗೆ ರಾಗಿ ಬೇಕಿರಲಿಲ್ಲ. ಒಂದು ಕೋಣೆಯ ಮನೆಯಲ್ಲಿ ಎಲ್ಲಿ ಇಡುತ್ತಾನೆ? ಹಗೇವು ಅಣ್ಣನಿಗೇ ಇರಲಿ, ನನ್ನ ಅರ್ಧ ರಾಗಿಗೆ ಬದಲಾಗಿ ಕೆರೆ ಪಕ್ಕದ ಹೊಲದಲ್ಲಿ ಒಂದು ತುಂಡು ಕೊಡಲಿ ಅಂದ. ಎಷ್ಟು ದೊಡ್ಡ ತುಂಡು? ಅದು ಒಳಗೆ ಎಷ್ಟು ರಾಗಿ ಇದೆ ಎನ್ನುವುದರ ಮೇಲೆ ನಿಂತಿತು. ಅಪ್ಪ ಮೂವತ್ತು ಪಲ್ಲ ಇದ್ದರೆ ಹೆಚ್ಚು ಅಂದ. ನೂರು ಸೇರಿಗೆ ಒಂದು ಪಲ್ಲ. ಚಿಕ್ಕಪ್ಪ ಐವತ್ತಕ್ಕೆ ಕಡಿಮೆ ಇಲ್ಲ ಅಂದ. ಬಾಯಿಮಟ್ಟ ತುಂಬಿಸಿದ ತಾತ ತೀರಿಹೋಗಿದ್ದ. ತೆಗೆದು ಅಳೆಯೋಣ ಎಂದರೆ ಮಳೆ. ಬೇಸಿಗೆಯವರೆಗೆ ಕಾಯೋಣ ಎಂದರೆ ಯಾವ ಹೊಲ ಯಾರದ್ದೆಂದು ತೀರ್ಮಾನವಾಗದೆ ಬಿತ್ತನೆ ನಿಂತುಹೋಗುತ್ತದೆ.

"ಬಾಯಿ ಅಗಲ ಇಷ್ಟು, ಆಳ ಇಷ್ಟು ಅಂತ ಗುಣಿಸಿಬಿಟ್ರಾಯ್ತಲ್ಲ," ಅಂದರು ಪಟೇಲರು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಹಾಗಾಗಲ್ಲ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಬಿಲ್ಲೆ ಬಿಲ್ಲೆಯಾಗಿ ಕೂಡಬೇಕು," ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನ ಮುಖದಲ್ಲಿ ನಾನು ಫೇಲಾದ ಮೇಲೆ ಮೊದಲ ಸಲ ಸ್ವಲ್ಪ ಬೆಳಕು ಕಂಡಿತು. "ಓದ್ಸಿದ್ದು ಇದಕ್ಕಾದ್ರೂ ಆಯ್ತಲ್ಲ. ನೀನೇ ಮಾಡ್ಲಾ ಲೆಕ್ಕಾನ," ಅಂದ. ಚಿಕ್ಕಪ್ಪನೂ, "ಇವನು ಹೇಳಿದ್ರೆ ನಂಗೆ ಒಪ್ಗೆ," ಅಂದ. ಬೇಸಿಗೆಯಲ್ಲಿ ತೆಗೆದಾಗ ಹೆಚ್ಚುಕಮ್ಮಿ ಬಂದರೆ ಸರಿಮಾಡಿಕೊಳ್ಳೋಣ ಎಂದಾಯಿತು.

ಇನ್ನೊಂದು ಉಳಿದಿತ್ತು. ಅಜ್ಜಿ. ಅಪ್ಪನ ಅವ್ವ, ಗೋಡೆಗೆ ಒರಗಿ ಎಲ್ಲವನ್ನೂ ಕೇಳುತ್ತಾ ಕೂತಿದ್ದಳು. ಪಟೇಲರು ಅವಳ ಬಗ್ಗೆಯೂ ತೀರ್ಪು ಕೊಟ್ಟರು. "ಹಗೇವಿನ ರಾಗಿ ಪಾಲಾಗೋವರ್ಗೂ ನೀನು ಕೂಡುಮನೆಯೋಳೇ ಕಣವ್ವ. ನಡುಮನೇಲಿ ನಿನ್ನ ಒಲೆ ನಿಂಗೆ. ಪಾಲಾದ್ಮೇಲೆ ಒಂದು ವರ್ಷ ಕಿರಿಯೋನ ಮನೆ, ಒಂದು ವರ್ಷ ಹಿರಿಯೋನ ಮನೆ. ನ್ಯಾಯ ಅಲ್ವಾ?" ನ್ಯಾಯವೇ ಎಂದು ಎಲ್ಲರೂ ತಲೆ ಆಡಿಸಿದರು.

ಅಂದರೆ ನನ್ನ ಲೆಕ್ಕ ಮುಗಿದ ದಿನ ಅಜ್ಜಿ ಗಂಟು ಕಟ್ಟಬೇಕು. ಅವಳ ಒಲೆ ಕೀಳುತ್ತಾರೆ. ಇದು ಅವತ್ತೇ ನನಗೆ ತಿಳಿಯಿತೆಂದು ಹೇಳಲಾರೆ. ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಬಿಲ್ಲೆಗಳು ಮಾತ್ರ.

ಹಗೇವಿನ ಒಳಗನ್ನು ಸರಿಯಾಗಿ ಬಲ್ಲವಳು ಅಜ್ಜಿ ಒಬ್ಬಳೇ. ಮದುವೆಯಾಗಿ ಬಂದ ಹೊಸದರಲ್ಲಿ ತಾತ ಅದನ್ನು ತೋಡಿಸಿದನಂತೆ. ಸಣ್ಣ ಮೈಯವಳೆಂದು ಅವಳನ್ನೇ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟು ಒಳಗೋಡೆ ಮೆತ್ತಿಸಿದ್ದ. ಆಮೇಲೆ ಪ್ರತಿ ಸಲ ಬರಿದು ಮಾಡಿದಾಗಲೂ ಇಳಿದು ಸಾರಿಸುವುದು ಅವಳ ಕೆಲಸವೇ ಆಯಿತು. ಅಪ್ಪ ಹುಡುಗನಾಗಿದ್ದಾಗ ಒಮ್ಮೆ ಇಳಿದಿದ್ದನಂತೆ. ಹೆದರಿ ಕಿರುಚಿಕೊಂಡದ್ದು ಬಿಟ್ಟರೆ ಅವನಿಗೆ ಬೇರೇನೂ ನೆನಪಿರಲಿಲ್ಲ.

ನಾನು ನಡುಮನೆಯಲ್ಲಿ ಅವಳ ಮುಂದೆ ಪುಸ್ತಕ ಹಿಡಿದು ಕೂತೆ. ಅವಳು ರಂಗೋಲಿ ಬಟ್ಟಲು ತಂದಳು. ಸಾರಿಸಿದ ನೆಲದ ಮೇಲೆ ಮೊದಲು ನೇರಕ್ಕೆ ಒಂದು ಗೆರೆ ಎಳೆದಳು, ಬಾಯಿಂದ ಹಗ್ಗ ಇಳಿಬಿಟ್ಟರೆ ಹೇಗೋ ಹಾಗೆ. ಅದರ ಪಕ್ಕದಲ್ಲಿ ಕತ್ತಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ತಳಕ್ಕೆ, ಕೈ ಎತ್ತದೆ ಬಾಗಿದ ಗೆರೆ ಬಿಟ್ಟಳು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಇದೇ. ಆದರೆ ಪುಸ್ತಕದಲ್ಲಿ ಎಲ್ಲವೂ ಮಲಗಿರುತ್ತವೆ, ನಮ್ಮ ಹಗೇವು ನಿಂತಿತ್ತು. ಪುಸ್ತಕವನ್ನು ಅಡ್ಡ ತಿರುಗಿಸಿಕೊಂಡೆ. ಅಷ್ಟು ದಿನ ತಲೆಗೆ ಹತ್ತದ ಪಾಠ ಒಂದು ಗಳಿಗೆಯಲ್ಲಿ ಹತ್ತಿತು. ನಿಜವಾಗಿ ಖುಷಿಯಾಯಿತು ನನಗೆ, ಸುಳ್ಳು ಯಾಕೆ ಹೇಳಲಿ.

"ಹೊಟ್ಟೆ ಎಷ್ಟು ಅಗಲ ಅಜ್ಜಿ?"

"ಒಂದು ಮಾರು ಇದ್ದಾತು."

ಮಾರು ಎಂದರೆ ಚಾಚಿದ ಎರಡು ಕೈಗಳ ಉದ್ದ. ಬರೆದುಕೊಂಡೆ. ಸೀಮೆಎಣ್ಣೆ ಡಬ್ಬವೊಂದರ ಉದ್ದಗಲ ಅಳೆದು, ಅದಕ್ಕೆ ಎಷ್ಟು ಸೇರು ರಾಗಿ ಹಿಡಿಯುತ್ತದೆಂದು ತುಂಬಿ ನೋಡಿದ್ದೆ. ಅದನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಅಪ್ಪನ ಮೂವತ್ತು ಪಲ್ಲವೂ ಬರಲಿಲ್ಲ. ಮಾರನೆಯ ದಿನ ಕೇಳಿದೆ.

"ಒಂದು ಮಾರು ಅಂದ್ನಾ? ಎರಡಿದ್ದಾತು ಕಣ್ಲಾ. ವಯಸ್ಸಾಯ್ತಲ್ಲ."

ಮತ್ತೆ ರಂಗೋಲಿ, ಮತ್ತೆ ಗೆರೆ. ಈ ಸಲ ಹೊಟ್ಟೆ ಹೊರಕ್ಕೆ ಉಬ್ಬಿತ್ತು, ತಳ ಚೂಪಾಗಿತ್ತು. ಅಗಲ ಒಂದು ಗೇಣು ಹೆಚ್ಚಾದರೆ ಸಾಕು, ಬಿಲ್ಲೆಯಲ್ಲಿ ಅದು ಎರಡು ಸಲ ಗುಣಿಸಿಕೊಂಡು ಪಲ್ಲಗಟ್ಟಲೆ ಏರಿಬಿಡುತ್ತದೆ. ಇಲ್ಲಿ ಗೇಣಲ್ಲ, ಮಾರೇ ಹೆಚ್ಚಾಗಿತ್ತು. ಈ ಸಲ ಬಂದ ರಾಗಿ ಊರಿಗೇ ಸಾಕು. ರೈಲಿನಲ್ಲಿ ನಿಂತುಕೊಂಡೇ ಇನ್ನೊಮ್ಮೆ ಮಾಡಿದೆ. ಸಂಜೆ ಬಂದು ಕೇಳಿದರೆ ಅಜ್ಜಿ ಮತ್ತೊಂದು ಗೆರೆ ಎಳೆದಳು. ಹೀಗೇ ಆಷಾಢ ಹತ್ತಿರ ಬಂತು. ಅಪ್ಪ ದಿನಾ ಸಂಜೆ ಜಗುಲಿಯಿಂದಲೇ, "ಏನಾಯ್ತ್ಲಾ?" ಅನ್ನುವುದು, ನಾನು, "ಇನ್ನೂ ಇಲ್ಲ," ಅನ್ನುವುದು. ನನಗೂ ಸಾಕಾಗಿತ್ತು. ಹಾಳು ಗುಂಡಿ, ಮುಚ್ಚಿ ಹಾಕಿ ಅನ್ನುವಷ್ಟು ಬೇಸರ ಬಂದಿತ್ತು.

ಒಂದು ಬೆಳಗ್ಗೆ ಸ್ಟೇಷನ್ನಿಗೆ ಹೊರಟವನು ಹೊಸಲು ದಾಟುವಾಗ ಕೆಳಗೆ ನೋಡಿದೆ. ಅಜ್ಜಿ ಬಾಗಿಲ ಮುಂದೆ ರಂಗೋಲಿ ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಅದೇ ರಂಗೋಲಿ. ಒಂದು ಚುಕ್ಕಿ ಆಚೆ ಹೋದದ್ದಿಲ್ಲ, ಒಂದು ಎಳೆ ದಪ್ಪ ಆದದ್ದಿಲ್ಲ. ಇಂಥ ಕೈಗೆ, ಎಷ್ಟೋ ಸಲ ಇಳಿದು ಅಂಗೈಯಲ್ಲಿ ಸವರಿದ ಗೋಡೆಯ ಗೆರೆ ದಿನಕ್ಕೊಂದು ಥರ ಬರುತ್ತದೆಯೇ? ಅಲ್ಲೇ ನಿಂತುಬಿಟ್ಟೆ. ಅವತ್ತು ಗಾಡಿ ತಪ್ಪಿತು.

"ಅಜ್ಜಿ, ನೀನು ಬೇಕಂತಲೇ ತಪ್ಪು ಹೇಳ್ತಿದೀಯ."

ಅವಳು ರಂಗೋಲಿ ಬಟ್ಟಲನ್ನು ಸೆರಗಿನಲ್ಲಿ ಒರೆಸಿದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು.

"ಹೂಂ ಕಣ್ಲಾ. ಏನ್ ಮಾಡ್ಲಿ ಮತ್ತೆ? ನಿನ್ನ ಲೆಕ್ಕ ಮುಗೀತು ಅಂದ್ರೆ ನನ್ನ ಒಲೆ ಕಿತ್ತಾಕ್ತಾರೆ. ಸರದಿ ಮೇಲೆ ಇರೋದು ಅಂದ್ರೆ ಸುಮ್ಕಾ? ಈ ವರ್ಷ ಇವಳ ಒಲೆ ಮುಂದೆ, ಬರೋ ವರ್ಷ ಅವಳ ಒಲೆ ಮುಂದೆ. ನಿನ್ನ ತಾತ ಹೋದಾಗ್ಲೂ ನಂಗೆ ಇಷ್ಟು ಭಯ ಆಗ್ಲಿಲ್ಲ."

ಅಳಲಿಲ್ಲ ಅವಳು. ನಮ್ಮನ್ನೆಲ್ಲ ಸಾಕಿದ ಹೆಂಗಸು ಒಂದು ಒಲೆಗಾಗಿ ಹೀಗೆ ಕಳ್ಳಾಟ ಆಡಬೇಕಾಯಿತಲ್ಲ. ಅಪ್ಪನ ಮೇಲೆ, ಪಟೇಲರ ಮೇಲೆ, ಮೂರು ಕಲ್ಲಿನ ಆ ಒಲೆಯ ಮೇಲೂ ಸಿಟ್ಟು ಬಂತು.

"ಬೇಸಿಗೆವರ್ಗೂ ತಳ್ಳೋಣ ಬಿಡು. ಆಮೇಲೆ ನೋಡ್ಕೊಳ್ಳೋಣ," ಅಂದೆ.

ಅಲ್ಲಿಂದ ಮುಂದೆ ಕಳ್ಳಾಟ ಇಬ್ಬರದ್ದೂ ಆಯಿತು. ಅವಳು ಗೆರೆ ಎಳೆಯುವುದನ್ನೂ ಬಿಟ್ಟಳು. ನಾನು ಸಂಜೆ ಸುಮ್ಮನೆ ಕಾಗದದ ಮೇಲೆ ಅಂಕಿ ಗೀಚುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಹುರುಳಿಕಾಳು ಆರಿಸುತ್ತಾ, "ಬಂತಾ?" ಎಂದು ಅಪ್ಪನಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೇಳುತ್ತಿದ್ದಳು. "ಬರ್ಲಿಲ್ಲ ಅಜ್ಜಿ," ಎಂದು ನಾನೂ ಗಟ್ಟಿಯಾಗಿ ಹೇಳುತ್ತಿದ್ದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಆ ದಣಿವಿನ ದಿನಗಳಲ್ಲಿ ನಾನು ನಕ್ಕದ್ದು ಅಷ್ಟೇ.

ಆದರೆ ಮಳೆ ಚೆನ್ನಾಗಿ ಬಂತು. ಅಕ್ಕಪಕ್ಕದವರ ಹೊಲದಲ್ಲಿ ಪೈರು ಎದ್ದಿತ್ತು, ನಮ್ಮದು ಹಾಗೇ ಬಿದ್ದಿತ್ತು. ಅಪ್ಪನ ತಾಳ್ಮೆ ಮುಗಿಯಿತು. ಒಂದು ಭಾನುವಾರ ಚಿಕ್ಕಪ್ಪ ರಾಜಾಜಿನಗರದಿಂದ ಸೈಕಲ್ಲಿನಲ್ಲಿ ಬಂದಿದ್ದ. ಅಪ್ಪ ನನ್ನನ್ನು ಪಟೇಲರ ಜಗುಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಊರಿನ ನಾಲ್ಕು ಜನ ಸೇರಿದ್ದರು. ಅಜ್ಜಿ ನಮ್ಮ ಹಿಂದೆಯೇ ಬಂದು ಕಂಬದ ಮರೆಗೆ ಕೂತಳು.

"ಹೇಳಪ್ಪ, ಎಷ್ಟು ಪಲ್ಲ?" ಅಂದರು ಪಟೇಲರು.

"ಸರಿ ಬರ್ತಾ ಇಲ್ಲ," ಅಂದೆ.

"ಏನು ಸರಿ ಬರ್ತಿಲ್ಲ?"

"ಲೆಕ್ಕ."

ಯಾರೋ, "ಓದಿ ಓದಿ ಮರುಳಾದ ಕೂಚುಭಟ್ಟ," ಅಂದರು. ಎಲ್ಲರೂ ನಕ್ಕರು. ಚಿಕ್ಕಪ್ಪ, "ಹೋಗ್ಲಿ ಬಿಡ್ರಣ್ಣ, ಕಷ್ಟದ ಲೆಕ್ಕ ಇರ್ಬೇಕು," ಎಂದು ನನ್ನ ಪರ ಮಾತಾಡಲು ನೋಡಿದ. ಅದರಿಂದ ಅಪ್ಪನಿಗೆ ಇನ್ನೂ ಅವಮಾನವಾಯಿತು. ಅಪ್ಪ ಕೂಗಾಡುವ ಮನುಷ್ಯ. ಅವತ್ತು ಕೂಗಾಡಲಿಲ್ಲ.

"ಕಾಲೇಜಿಗೆ ಹೋಗಿ ಒಂದು ಗುಂಡಿ ಅಳೆಯಕ್ಕೆ ಬರ್ದೇ ಇದ್ರೆ ಆ ಕಾಲೇಜು ಯಾಕ್ಲಾ? ನಾಳೆಯಿಂದ ರೈಲು ಹತ್ತಬ್ಯಾಡ. ಪರೀಕ್ಷೆಯೂ ಬ್ಯಾಡ, ಏನೂ ಬ್ಯಾಡ. ಸುಮ್ನೆ ನೇಗ್ಲು ಹಿಡಿ."

ಅಪ್ಪ ಒಂದು ಸಲ ಹೀಗೆ ಮೆಲ್ಲಗೆ ಹೇಳಿದನೆಂದರೆ ಆ ಮಾತು ತಿರುಗುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದೆ. ನಿಜ ಹೇಳಲೇ? ಅರ್ಧ ಸಮಾಧಾನವೇ ಆಗಿತ್ತು. ಆ ಕೆಸರು, ಆ ಗಾಡಿ, ಆ ಹಿಂದಿನ ಬೆಂಚು ಎಲ್ಲಾ ಮುಗಿಯಿತಲ್ಲ ಅನ್ನಿಸಿತು. ಅಜ್ಜಿಯ ಒಲೆಯೂ ಉಳಿಯಿತು ಅಂದುಕೊಂಡೆ. ಅವಳ ಮುಖ ನೋಡಲಿಲ್ಲ.

ಮಾರನೆಯ ಬೆಳಗ್ಗೆ ಅಜ್ಜಿ ನನ್ನನ್ನು ಎಬ್ಬಿಸಿದಳು. ನಡುಮನೆಯ ನೆಲ ಆಗಲೇ ಸಾರಿಸಿತ್ತು. ನಡುವೆ ರಂಗೋಲಿಯಲ್ಲಿ ಒಂದು ನೇರ ಗೆರೆ, ಪಕ್ಕದಲ್ಲಿ ಒಂದು ಬಾಗಿದ ಗೆರೆ. ಹಿಂದೆ ಎಳೆದ ಯಾವುದರ ಹಾಗೂ ಇರಲಿಲ್ಲ.

"ಅಳೆಯೋ ಟೇಪು ತಗೊಂಡ್ ಬಾ," ಅಂದಳು.

"ಬೇಡ ಅಜ್ಜಿ."

"ತಾ ಅಂದ್ರೆ ತಾರ್ಲಾ."

ಅವಳು ನಡುಮನೆಯ ಮಧ್ಯೆ ನಿಂತು ಎರಡೂ ಕೈ ಚಾಚಿದಳು. "ಹೊಟ್ಟೆ ನಡುವೆ ನಿಂತು ಹಿಂಗೆ ಕೈ ಚಾಚಿದ್ರೆ ಎರಡೂ ಕಡೆ ಬೆರಳಿಗೆ ಗೋಡೆ ಸಿಗಾಕಿಲ್ಲ. ಒಂದೊಂದು ಗೇಣು ಉಳೀತದೆ. ಅಳ್ಕೊ." ನಾನು ನಿಂತೇ ಇದ್ದೆ. ಅವಳು ಕೈ ಇಳಿಸಲಿಲ್ಲ. "ಕೈ ಸೋಲ್ತದೆ, ಬೇಗ ಅಳ್ಕೊಳ್ಲಾ," ಅಂದಳು. ಒಂದು ಬೆರಳ ತುದಿಯಿಂದ ಇನ್ನೊಂದಕ್ಕೆ ಟೇಪು ಹಿಡಿದೆ. ಆಮೇಲೆ ಕತ್ತಿನ ಅಗಲ, ಅವಳ ಹೆಗಲು ಉಜ್ಜಿಕೊಂಡು ಇಳಿಯುತ್ತಿದ್ದಷ್ಟು. ಆಳ, ತಳದಲ್ಲಿ ನಿಂತು ಕೈ ಮೇಲೆತ್ತಿದರೆ ಚಪ್ಪಡಿ ಬೆರಳಿಗೆ ಸಿಕ್ಕುವಷ್ಟು. ಅದಕ್ಕೂ ನಿಂತು ಕೈ ಎತ್ತಿ ತೋರಿಸಿದಳು. ಅಷ್ಟು ವರ್ಷದಲ್ಲಿ ಬೆನ್ನು ಎಷ್ಟು ಬಾಗಿದೆ ಎಂದು ಅವಳಿಗೇ ಗೊತ್ತಿತ್ತು. "ಇದರ ಮೇಲೆ ಇನ್ನೊಂದು ಗೇಣು ಸೇರಿಸ್ಕೊ," ಅಂದಳು.

"ಯಾಕಜ್ಜಿ ಇದೆಲ್ಲ? ನಾನು ಕಾಲೇಜು ಬಿಟ್ರೆ ಏನಾಯ್ತು?"

"ಆ ಜನ ನಿನ್ನ ನೋಡಿ ನಗ್ತಿದ್ರಲ್ಲ, ನಂಗೆ ಅಲ್ಲೇ ಸತ್ತೋದಂಗಾಯ್ತು ಕಣೋ. ನಾನೇನು, ಇರೋದು ಇನ್ನೆಷ್ಟು ದಿನ. ನೀನು ಒಂದು ಒಲೆಗೋಸ್ಕರ ಜೀವಮಾನ ನೇಗ್ಲು ಹಿಡೀತೀಯಾ? ಹಿಡಿಯಾಕೂ ಬರಾಕಿಲ್ಲ ನಿಂಗೆ, ಎತ್ತೇ ನಗ್ತವೆ. ಬರ್ಕೊ."

ಬರೆದುಕೊಂಡೆ. ಗೇಣಿಗೊಂದು ಬಿಲ್ಲೆಯಂತೆ ಕೊಯ್ದೆ, ಪ್ರತಿ ಬಿಲ್ಲೆಯ ಅಗಲವನ್ನು ರಂಗೋಲಿಯ ಗೆರೆಯಿಂದ ತೆಗೆದುಕೊಂಡೆ, ತಳದಿಂದ ಬಾಯಿಯವರೆಗೆ ಕೂಡಿದೆ. ಅಕ್ಷ ಯಾವುದೆಂದು ಮರೆಯಲಿಲ್ಲ. ನಲವತ್ತು ಪಲ್ಲದ ಮೇಲೆ ಸ್ವಲ್ಪ ಬಂತು. ಒಂದೇ ಸಲಕ್ಕೆ ಬಂತು. ಅಪ್ಪನಿಗೆ ಹೇಳಿದೆ. ಅಪ್ಪ ಪಟೇಲರ ಮನೆಗೆ ಓಡಿದ. ಚಿಕ್ಕಪ್ಪ ಹೇಳಿ ಕಳಿಸಿದೊಡನೆ ಬಂದು ಒಪ್ಪಿಕೊಂಡ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೆರೆ ಪಕ್ಕದ ತುಂಡು ಅಳೆದು ಕಲ್ಲು ನೆಟ್ಟರು. ಅದೇ ವಾರ ಬಿತ್ತನೆಯಾಯಿತು, ನಾನು ಮತ್ತೆ ರೈಲು ಹತ್ತಿದೆ.

ಶ್ರಾವಣದಲ್ಲಿ ಚಿಕ್ಕಪ್ಪ ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದು ಅಜ್ಜಿಯನ್ನು ಕರೆದುಕೊಂಡು ಹೋದ. ಅವಳ ಗಂಟು ಸಣ್ಣದಿತ್ತು. ಅಮ್ಮ ಅಳುತ್ತಾ ವೀಳ್ಯದೆಲೆ ಕೊಟ್ಟಳು. ಗಾಡಿ ಊರ ಬಾಗಿಲು ದಾಟುವಾಗ ಅಜ್ಜಿ ಹಿಂದಕ್ಕೆ ತಿರುಗಿ ನೋಡಲಿಲ್ಲ, ನಾನು ಕಾಣುವವರೆಗೂ ನೋಡಿದೆ. ಸಂಜೆ ಅಪ್ಪ ನಡುಮನೆಯ ಒಲೆ ಕಿತ್ತು ಕಲ್ಲುಗಳನ್ನು ಹಿತ್ತಲಿಗೆ ಹಾಕಿದ. ಸಿಟ್ಟಿನಿಂದಲ್ಲ, ಜಾಗ ಬೇಕಿತ್ತು.

ಸೆಪ್ಟೆಂಬರಿನಲ್ಲಿ ಪರೀಕ್ಷೆ ಬರೆದೆ. ತಿರುಗಿಸುವ ಲೆಕ್ಕ ಬಂದಿತ್ತು. ಮಾಡಿದೆ. ಪಾಸಾದೆ. ಎಷ್ಟು ಮಾರ್ಕು ಎಂದು ಕೇಳಬೇಡಿ. ಆ ನಡುವೆ ಒಂದೆರಡು ಸಲ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಗಾಡಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತು ಮಾತಾಡಿಸಿ ಬಂದಿದ್ದೆ. ಅಜ್ಜಿ ಚೆನ್ನಾಗಿದ್ದೇನೆ ಅನ್ನುತ್ತಿದ್ದಳು. ನಲ್ಲಿ ನೀರು ಸಪ್ಪೆ ಅನ್ನುತ್ತಿದ್ದಳು.

ಬೇಸಿಗೆಯಲ್ಲಿ ಹಗೇವು ತೆಗೆದರು. ಚಪ್ಪಡಿ ಎತ್ತಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ಹಗಲು ಬಿಟ್ಟು, ಮಾರನೆಯ ದಿನ ಲಾಟೀನು ಇಳಿಬಿಟ್ಟು ದೀಪ ಉರಿಯುತ್ತದೆಯೇ ಎಂದು ನೋಡಿಕೊಂಡರು. ಮೇಲಿನ ರಾಗಿ ತೆಗೆದ ಮೇಲೆ ಒಳಗೆ ಇಳಿಯಲು ಸಣ್ಣ ಮೈಯವರು ಬೇಕಾಯಿತು. ನಾನೇ ಇಳಿದೆ. ಒಳಗೆ ಬಿಸಿ, ಮುಗ್ಗಿದ ಹುಲ್ಲಿನ ವಾಸನೆ. ಪಟೇಲರು ಮೇಲೆ ಕೂತು ಅಳತೆ ಎಣಿಸುತ್ತಿದ್ದರು. ಮೊದಲನೆಯದಕ್ಕೆ ಒಂದು ಅನ್ನದೆ ಲಾಭ ಎಂದು ಶುರುಮಾಡುವುದು ನಮ್ಮ ಕಡೆ ವಾಡಿಕೆ. ಲಾಭ, ಎರಡು, ಮೂರು ಎಂದು ಅವರ ದನಿ ಹಗೇವಿನ ಬಾಯಿಂದ ಕೆಳಗೆ ಕೇಳಿಸುತ್ತಿತ್ತು. ರಾಗಿ ಇಳಿದ ಹಾಗೆ ಗೋಡೆ ಕಂಡಿತು. ಅಜ್ಜಿಯ ಅಂಗೈ ಆಡಿದ ಗುರುತು ಸಾಲಾಗಿ ಹಾಗೇ ಇತ್ತು. ಹೊಟ್ಟೆಯ ನಡುವೆ ನಿಂತು ಟೇಪು ಹಿಡಿದು ನೋಡಿದೆ. ಅವಳು ಹೇಳಿದಷ್ಟೇ ಇತ್ತು.

ಸಂಜೆಗೆ ಎಣಿಕೆ ಮುಗಿಯಿತು. ನನ್ನ ಲೆಕ್ಕಕ್ಕಿಂತ ಅರ್ಧ ಪಲ್ಲ ಕಡಿಮೆ, ಹುಲ್ಲು ಹಿಡಿದ ಜಾಗ ಅಷ್ಟೇ. ಪಟೇಲರು, "ಭೇಷ್! ನೆಲದೊಳಗಿರೋದನ್ನ ಮೇಲೆ ಕೂತು ಹೇಳಿಬಿಟ್ಟನಲ್ಲಪ್ಪ," ಅಂದರು. ಕೂಚುಭಟ್ಟ ಅಂದವನೇ ನನ್ನ ಬೆನ್ನು ತಟ್ಟಿದ. ಅಪ್ಪ ಊರೆಲ್ಲ ಹೇಳಿಕೊಂಡು ಬಂದ. ಅಷ್ಟು ಸಂತೋಷದಲ್ಲಿ ಅಪ್ಪನನ್ನು ನಾನು ಆಮೇಲೆ ಹೆಚ್ಚು ಸಲ ನೋಡಲಿಲ್ಲ. ನನಗೆ ಸ್ನಾನ ಮಾಡಿ ಮಲಗಿದರೆ ಸಾಕಾಗಿತ್ತು.

ಮಾರನೆಯ ದಿನ ಬೆಳಗ್ಗೆಯೇ ಹೊರಟು ಮಾಗಡಿ ರಸ್ತೆ ಹಿಡಿದು ರಾಜಾಜಿನಗರಕ್ಕೆ ನಡೆದೆ. ಅಜ್ಜಿಗೆ ಹೇಳಲೇಬೇಕಿತ್ತು. ಚಿಕ್ಕಪ್ಪ ಕಾರ್ಖಾನೆಗೆ ಹೋಗಿದ್ದ. ಚಿಕ್ಕವ್ವ ಒಲೆಯ ಮುಂದೆ ಇದ್ದಳು. ಅಜ್ಜಿ ಬಾಗಿಲ ಹೊರಗೆ ಚಾಪೆಯ ಮೇಲೆ ಕೂತಿದ್ದವಳು ನನ್ನನ್ನು ನೋಡಿ ಎದ್ದು ನಿಂತಳು.

"ನಿನ್ನ ಅಳತೆ ಒಂದು ಬೆರಳು ಆಚೀಚೆ ಇರ್ಲಿಲ್ಲ ಅಜ್ಜಿ. ನಾನೇ ಇಳಿದು ನೋಡ್ದೆ," ಅಂದೆ.

"ನೀನೇ ಇಳಿದ್ಯಾ? ದೀಪ ಬಿಟ್ಟು ನೋಡಿದ್ರಾ ಮೊದ್ಲು?"

"ನೋಡಿದ್ರು."

"ಕೆಳಗೆ ಸೆಕೆ ಇತ್ತಲ್ವಾ?"

"ಇತ್ತು."

ಅವಳಿಗೆ ತುಂಬಾ ಖುಷಿಯಾಯಿತು. ನನ್ನ ಕೆನ್ನೆ ಸವರಿ ಬೆರಳು ಮುರಿದು ದೃಷ್ಟಿ ತೆಗೆದಳು. "ಬಿಸ್ಲಲ್ಲಿ ನಡ್ಕೊಂಡ್ ಬಂದಿದೀಯ, ಉಂಡ್ಯಾ?" ಅಂದಳು. ನಾನು ಉತ್ತರ ಕೊಡುವ ಮೊದಲೇ ಒಳಗಿನ ಕಡೆ ತಿರುಗಿದಳು. ಅವಳ ದನಿ ತಗ್ಗಿತು. ಹುಟ್ಟಿದಾಗಿನಿಂದ ಕೇಳಿದ ದನಿ, ಹೀಗೆ ಕೇಳಿದ್ದು ಅದೇ ಮೊದಲು.

"ಅವ್ವಯ್ಯ, ಮಗೀಗೆ ಒಂದು ಮುದ್ದೆ ಇಕ್ಕಬೋದಾ?"

ಚಿಕ್ಕವ್ವ ಕೆಟ್ಟವಳಲ್ಲ. "ಅಯ್ಯೋ ಅತ್ತೆ, ಅದನ್ನೂ ಕೇಳ್ಬೇಕಾ? ಇಕ್ಕಿ, ಇಕ್ಕಿ," ಅಂದಳು. ಆದರೆ ಅವಳು ಹಾಗೆ ಅನ್ನುವವರೆಗೂ ಅಜ್ಜಿ ಹೊಸಲಿನ ಈಚೆಯೇ ಕಾದು ನಿಂತಿದ್ದಳು.

"ನಾನು ಉಂಡು ಬಂದಿದೀನಿ ಅಜ್ಜಿ," ಅಂದೆ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ.